ಸಗರನಾಡಿನ ಸಾಲಿಯಲ್ಲಿ ಮಾತು ಆರಿಸುವ ಪಾಠ

ಮಗು ಬರೆದ ವಾಕ್ಯದಲ್ಲಿ ಯಾವ ಮಾತು ಉಳಿಯಬೇಕು, ಯಾವುದನ್ನು ತೆಗೆದು ಬೇರೊಂದನ್ನು ಇಡಬೇಕು ಎಂದು ಹೇಳಿಕೊಡುವ ಪದ್ಧತಿ ಸಗರನಾಡೆಂದು ಕರೆಯುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕಳೆದ ಒಂದೂವರೆ ಶತಮಾನದೊಳಗೆ ಮತ್ತೆ ಮತ್ತೆ ಬುಡಮೇಲಾಗಿದೆ. ಮಠದ ಅಯ್ಯನವರ ಗಾವಠಿ ಶಾಲೆ ಹೋಗಿ ನಿಜಾಮರ ಉರ್ದು ಶಾಲೆ ಬಂತು. ಅದು ಹೋಗಿ 1948ರ ನಂತರ ಕನ್ನಡ ಪಠ್ಯಪುಸ್ತಕದ ಶಾಲೆ ಬಂತು. ಅದೇ ಶಾಲೆಯೊಳಗೆ ಈ ಶತಮಾನದ ಮೊದಲ ದಶಕದಲ್ಲಿ ನಲಿಕಲಿಯ ಕಾರ್ಡುಗಳು ಬಂದವು. ಪ್ರತಿ ಸಲವೂ ‘ಚಲೋ ಬರಹ’ ಎಂಬುದರ ಅರ್ಥ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ: ಮಗು ಮನೆಯಿಂದ ಹೊತ್ತು ತಂದ ಮಾತಿಗೂ ಶಾಲೆ ಬರೆಸುವ ಮಾತಿಗೂ ನಡುವಿನ ಅಂತರ.

ಮಾತನ್ನು ಆರಿಸುವ ವಿವೇಕದ ಚರ್ಚೆ ಈ ನೆಲಕ್ಕೆ ಹೊಸದಲ್ಲ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥವಾದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿ ಹುಟ್ಟಿದ್ದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಆಸ್ಥಾನದಲ್ಲಿ. ಕಾಗಿಣಾ ನದಿಯ ದಂಡೆಯಲ್ಲಿ, ಸೇಡಂ ತಾಲ್ಲೂಕಿನಲ್ಲಿರುವ ಇಂದಿನ ಮಳಖೇಡವೇ ಆ ಊರು. ಯಾದಗಿರಿಗೆ ನೆರೆಯ ಸೀಮೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಶ್ರೀವಿಜಯ ರಚಿಸಿದ ಈ ಗ್ರಂಥದ ಒಂದು ದೊಡ್ಡ ಭಾಗ ಪದಗಳ ಗುಣದೋಷಗಳಿಗೇ ಮೀಸಲು. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ವಿವೇಚನೆಯಿಲ್ಲದೆ ಗಂಟು ಹಾಕಿ ಸಮಾಸ ಮಾಡುವುದನ್ನು ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೀಳಿಸಿದಂತೆ ಎನ್ನುತ್ತದೆ. ಅಡುಗೆಮನೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಹೊಳೆಯುವ ಹೋಲಿಕೆ ಇದು. ಓದದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರು, ಸಣ್ಣ ಮಕ್ಕಳಿಗೂ ಮಾತಿನ ವಿವೇಕ ತಿಳಿದಿರುತ್ತದೆ ಎಂದೂ ಅದೇ ಗ್ರಂಥ ಹೇಳುತ್ತದೆ. ಮಗುವಿನ ಬಾಯಲ್ಲಿರುವ ಮಾತು ತಪ್ಪು ಎಂದೇ ಶುರುವಾಗುವ ಎಷ್ಟೋ ಪಾಠಗಳನ್ನು ಕಂಡಾಗ, ಸಾವಿರದ ನೂರು ವರ್ಷಕ್ಕೂ ಹಿಂದಿನ ಆ ಮಾತಿನ ಬೆಲೆ ತಿಳಿಯುತ್ತದೆ.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. ಆದ್ಯ ವಚನಕಾರನೆಂದು ಹೆಸರಾದ ದಾಸಿಮಯ್ಯನ ಊರು ಹಳೆಯ ಸುರಪುರ ತಾಲ್ಲೂಕಿನ ಮುದನೂರು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಇಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಆದರೆ ವಚನಕಾರ ನೇಕಾರನಾಗಿದ್ದ, ಆತನ ಅಂಕಿತ ರಾಮನಾಥ ಎಂಬುದರಲ್ಲಿ ಪರಂಪರೆಗೆ ಸಂಶಯವಿಲ್ಲ. ಆತನ ವಚನಗಳ ದೊಡ್ಡ ಗುಣ ಅವುಗಳ ಗಿಡ್ಡತನ. ಹೆಚ್ಚಿನವು ನಾಲ್ಕೈದು ಸಾಲಿನಲ್ಲಿ ಮುಗಿಯುತ್ತವೆ, ಒಂದು ಮಾತು ತೆಗೆದರೂ ಅರ್ಥ ಕುಸಿಯುತ್ತದೆ. ಹಾಸು, ಹೊಕ್ಕು, ಲಾಳಿ ಎಂದು ಪ್ರತಿ ಎಳೆಗೂ ಪ್ರತಿ ಸಲಕರಣೆಗೂ ಬೇರೆ ಹೆಸರಿರುವ ಕಸುಬಿನಲ್ಲಿ ಬೆಳೆದವನಿಗೆ ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು ಎಂಬುದು ಕೈಯಿಂದಲೇ ಗೊತ್ತಿರುತ್ತದೆ. ಅದೇ ಸೀಮೆಯ ಕೆಂಭಾವಿಯ ಭೋಗಣ್ಣ, ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಮುಂದೆ ಕಮಲೇಶ ವಿಠಲ ಅಂಕಿತದ ಸುರಪುರದ ಆನಂದದಾಸರು ಹೀಗೆ ಬಾಯಿಮಾತಿಗೆ ಹತ್ತಿರವಾಗಿ ಹಾಡಿದವರ, ಬರೆದವರ ಸಾಲು ಇಲ್ಲಿ ಉದ್ದವಿದೆ.

ಗಾವಠಿ ಶಾಲೆಯಲ್ಲಿ ಪದಕ್ಕೆಂದೇ ಬೇರೆ ಪಾಠ ಇರಲಿಲ್ಲ. ಮಠದ ಪಡಸಾಲೆಯಲ್ಲೋ ಊರ ಗುಡಿಯ ಕಟ್ಟೆಯಲ್ಲೋ ಅಯ್ಯನವರು ಕೂತು, ಹಾಸಿದ ಉಸುಕಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅಕ್ಷರ, ಕಾಗುಣಿತ, ಒತ್ತಕ್ಷರ ಕೈಗೆ ಹತ್ತಿದ ಮೇಲೆ ಕಡತಕ್ಕೆ ಏರಿಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಮಸಿ ಬಳಿದು ಒಣಗಿಸಿ ಮಡಿಕೆ ಹಾಕಿದ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಿಂದ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಮಗ್ಗಿ, ಲೆಕ್ಕ, ಪತ್ರದ ಒಕ್ಕಣೆ ಇಷ್ಟೇ ಅಲ್ಲಿನ ಬರಹ. ‘ಕ್ಷೇಮ, ಉಭಯ ಕುಶಲೋಪರಿ’ಯಿಂದ ಹಿಡಿದು ಸಾಲದ ಚೀಟಿಯ ಕೊನೆಯ ಸಾಲಿನವರೆಗೆ ಎಲ್ಲ ಮಾತೂ ಸಿದ್ಧವಾಗಿರುತ್ತಿತ್ತು, ಹುಡುಗ ಅದನ್ನು ಬಾಯಿಪಾಠ ಮಾಡಿ ಇಳಿಸಬೇಕಿತ್ತು. ಬ್ರಾಹ್ಮಣರ ಮನೆಗಳಲ್ಲಿ ಅಮರಕೋಶ ಕಂಠಪಾಠವಾಗುತ್ತಿತ್ತು. ಒಂದು ವಸ್ತುವಿಗೆ ಹತ್ತು ಹೆಸರು ಹೇಳುವ ಆ ಕಲಿಕೆ ಪದಸಂಪತ್ತು ಕೊಡುತ್ತಿತ್ತು ನಿಜ. ಹತ್ತರಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಮಾತ್ರ ಅದು ಹೇಳಿಕೊಡುತ್ತಿರಲಿಲ್ಲ.

ಅದನ್ನು ಕಲಿಸುತ್ತಿದ್ದದ್ದು ಶಾಲೆಯ ಹೊರಗಿನ ಜಗತ್ತು. ರಾಶಿಯ ಕಾಲದಲ್ಲಿ ಕಣದಲ್ಲಿ ಎತ್ತಿನ ಹಂತಿ ಹೊಡೆಯುತ್ತ ರಾತ್ರಿಯಿಡೀ ಹಾಡುತ್ತಿದ್ದ ಹಂತಿಪದ, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲೇ ಹಾಡುವ ರಿವಾಯತ್ ಪದ, ಶ್ರಾವಣದ ಪುರಾಣ, ಬೀಸುವಾಗಿನ ಹಾಡು, ಮದುವೆ ಮನೆಯಲ್ಲಿ ಗಂಡನ ಹೆಸರು ಹೇಳುವ ಒಡಪು ಇವೆಲ್ಲ ಮಾತಿನ ಗರಡಿಗಳು. ಒಡಪು ಹೇಳುವ ಹೆಣ್ಣುಮಗಳು ಗಂಡನ ಹೆಸರಿಗೆ ಪ್ರಾಸ ಕೂಡುವ, ಮೇಲಾಗಿ ಆ ಗಳಿಗೆಗೆ ಒಪ್ಪುವ ಮಾತನ್ನು ನಿಂತ ನಿಲುವಿನಲ್ಲೇ ಹುಡುಕಬೇಕು. ಅಕ್ಷರ ಬಾರದ ಸಾವಿರಾರು ಹೆಣ್ಣುಮಕ್ಕಳು ಈ ಪರೀಕ್ಷೆಯಲ್ಲಿ ಪಾಸಾದವರು. ಶಾಲೆಯ ಇತಿಹಾಸ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಸುರಪುರ ಸಂಸ್ಥಾನದಲ್ಲಿ 1840ರ ದಶಕದ ಆರಂಭದಿಂದ 1853ರವರೆಗೆ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಬಾಲರಾಜ ವೆಂಕಟಪ್ಪ ನಾಯಕನ ಪಾಲನೆಯ ಹೊಣೆಯನ್ನೂ ಹೊತ್ತಿದ್ದ. ಇಂಗ್ಲಿಷಿನ ಕಾದಂಬರಿಕಾರನಾಗಿ ಹೆಸರು ಮಾಡಿದ್ದ ಆ ಅಧಿಕಾರಿಯನ್ನು ಹುಡುಗ ಕರೆಯುತ್ತಿದ್ದದ್ದು ‘ಅಪ್ಪ’ ಎಂದು. ಟೇಲರನ ಆತ್ಮಕಥೆಯಲ್ಲಿ ಇದು ದಾಖಲಾಗಿದೆ. ಸಾಹೇಬ, ಸರಕಾರ, ದೊರೆ ಎಂಬ ಎಲ್ಲ ಪದವಿವಾಚಕಗಳೂ ಕೈಗೆ ಸಿಗುವಂತಿದ್ದಾಗ ಮಗು ಆರಿಸಿಕೊಂಡದ್ದು ಮನೆಯ ಮಾತನ್ನು. ಆ ಅರಸ 1857–58ರ ಬಂಡಾಯದಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೆರೆಯಾಗಿ 1858ರಲ್ಲಿ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮರ ಕೈಸೇರಿತು. ಮೊದಲಿನಿಂದಲೂ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ಯಾದಗಿರಿ, ಶಹಾಪುರಗಳ ಜತೆಗೆ ಸುರಪುರವೂ ಅದೇ ಕಚೇರಿ ಭಾಷೆಯ ಕೆಳಗೆ ಬಂತು.

1880ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನ ಮಾಧ್ಯಮ ಮಾಡಿಕೊಂಡಿತು. ಭಾರತೀಯ ಭಾಷೆಯೊಂದರಲ್ಲಿ ವೈದ್ಯ, ವಿಜ್ಞಾನ, ಕಾನೂನುಗಳನ್ನೆಲ್ಲ ಕಲಿಸಿದ ಆ ಪ್ರಯೋಗ ದೊಡ್ಡದು. ಪರಿಭಾಷೆ ರೂಪಿಸಲು ಭಾಷಾಂತರ ವಿಭಾಗವನ್ನೇ ತೆರೆದರು. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಬಹುಸಂಖ್ಯಾತರಿಗೆ ಅದು ಇನ್ನೊಂದು ಪರಭಾಷೆಯಾಗಿಯೇ ಉಳಿಯಿತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಅಷ್ಟಿಷ್ಟು ಜಾಗವಿದ್ದರೂ ಮೇಲಕ್ಕೆ ಹೋದಂತೆಲ್ಲ ಓದುವುದು, ಬರೆಯುವುದು, ಪರೀಕ್ಷೆ ಎಲ್ಲವೂ ಉರ್ದುವಿನಲ್ಲಿ. ತರಗತಿಗೆ ಜಮಾತ್, ಪರೀಕ್ಷೆಗೆ ಇಮ್ತಿಹಾನ್, ಗುರುವಿಗೆ ಮುದರ್ರಿಸ್. ಶಹಾಪುರದ ರೈತನ ಮಗ ಹೊಲದ ಮೇಲೆ ನಿಬಂಧ ಬರೆಯಬೇಕಾದರೆ ಮೊದಲು ಹೊಲವನ್ನು ‘ಖೇತ್’ ಮಾಡಿಕೊಳ್ಳಬೇಕಿತ್ತು. ತನ್ನ ಕಣ್ಣೆದುರಿನ ವಸ್ತುವಿನ ಹೆಸರು ತನ್ನ ಬರಹದಲ್ಲಿ ಬರುವಂತಿಲ್ಲ ಎಂಬುದು ಮಗುವಿಗೆ ಆಗುವ ದೊಡ್ಡ ನಷ್ಟ. ಆ ತಲೆಮಾರಿನ ಎಷ್ಟೋ ಜನ ಉರ್ದುವಿನಲ್ಲಿ ಅರ್ಜಿ ಬರೆಯಬಲ್ಲವರಾಗಿದ್ದು, ಕನ್ನಡದಲ್ಲಿ ಪತ್ರ ಬರೆಯಲು ಹಿಂಜರಿಯುವಂತಾಯಿತು.

ಆ ಕಾಲ ಬಿಟ್ಟುಹೋದ ಪದಗಳ ಬಗ್ಗೆ ಮಾತ್ರ ದೂರಬೇಕಾದ್ದಿಲ್ಲ. ಅರ್ಜಿ, ತಕರಾರು, ಜಮೀನು, ಖರೀದಿ, ವಕೀಲ, ಹಕ್ಕು ಇವು ಅರಬ್ಬಿ, ಪಾರ್ಸಿ ಮೂಲದಿಂದ ಬಂದು ಕನ್ನಡವೇ ಆಗಿಹೋದವು. ಕನ್ನಡದ ನೆಲಕ್ಕೆ ಅತಿ ಹತ್ತಿರದ ಪದವೆನಿಸುವ ‘ರೈತ’ ಕೂಡ ಆ ದಾರಿಯಿಂದ ಬಂದದ್ದೇ. ಮೂಲ ನೋಡಿ ಪದವನ್ನು ಒಳಗೆ ಬಿಡುವ, ಹೊರಗೆ ಹಾಕುವ ಪದ್ಧತಿ ಈ ಸೀಮೆಯಲ್ಲಿ ನಿಲ್ಲುವುದಿಲ್ಲ.

ಕನ್ನಡದ ಶಾಲೆಗಾಗಿ ನಡೆದ ಹೋರಾಟ ಕಲಬುರಗಿ ಮತ್ತು ಹೈದರಾಬಾದ್ ನಗರಗಳಲ್ಲಿ ಹೆಚ್ಚು ಕಾಣಿಸಿತು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಆರಂಭವಾಯಿತು. ಹೈದರಾಬಾದಿನಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆ ಎದ್ದಿತು. ಮಳಖೇಡದ ಅರಸನ ಹೆಸರು ಸಾವಿರ ವರ್ಷದ ಮೇಲೆ ಮಕ್ಕಳ ಶಾಲೆಯ ಬಾಗಿಲಿಗೆ ಬಂದದ್ದು ಅರ್ಥಪೂರ್ಣ. 1920ರ ದಶಕದಲ್ಲಿ ಖಾಸಗಿ ಶಾಲೆ ತೆರೆಯಲು, ಸಭೆ ಸೇರಲು ಸರ್ಕಾರದ ಪರವಾನಗಿ ಬೇಕೆಂಬ ಗಸ್ತಿಗಳು, ಅಂದರೆ ಸುತ್ತೋಲೆಗಳು, ಹೊರಟ ಮೇಲೆ ಇಂಥ ಕೆಲಸ ಕಷ್ಟವಾಯಿತು. ಅದರ ನಡುವೆಯೂ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಪಂಜೆಯವರ ಆಯ್ಕೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಶಾಲಾ ಇನ್‌ಸ್ಪೆಕ್ಟರಾಗಿ ದಕ್ಷಿಣ ಕನ್ನಡದ ಹಳ್ಳಿ ಸುತ್ತಿದ, ಮಕ್ಕಳಿಗಾಗಿ ಪದ್ಯ, ಕಥೆ, ಪಠ್ಯ ಬರೆದ ಅವರ ಬರಹದಲ್ಲಿ ಮಗುವಿನ ಬಾಯಿಗೆ ದೊಡ್ಡದಾಗುವ ಮಾತು ಇಲ್ಲವೇ ಇಲ್ಲ ಎನ್ನಬಹುದು. ಮಕ್ಕಳ ಕನ್ನಡಕ್ಕೆ ಶಾಲೆಯಲ್ಲಿ ನೆಲೆ ಸಿಗದಿದ್ದ ಸೀಮೆಗೆ ಮಕ್ಕಳ ಕವಿಯೇ ಅಧ್ಯಕ್ಷರಾಗಿ ಬಂದಿದ್ದರು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ, ಅದರೊಳಗೆ ಈ ಮೂರೂ ತಾಲ್ಲೂಕುಗಳು, ಮೈಸೂರು ರಾಜ್ಯಕ್ಕೆ ಬಂದವು. ಮಾಧ್ಯಮ ಕನ್ನಡವಾಯಿತು. ಆದರೆ ಉರ್ದುವಿನಲ್ಲಿ ಕಲಿತವರೇ ಕನ್ನಡದಲ್ಲಿ ಕಲಿಸಬೇಕಾದ ಪರಿಸ್ಥಿತಿ. ಹೀಗಾಗಿ ಮಾಸ್ತರರಿಗೆ ಪಠ್ಯಪುಸ್ತಕವೇ ಊರುಗೋಲಾಯಿತು, ಅದರ ಭಾಷೆಯೇ ಅಳತೆಗೋಲೂ ಆಯಿತು. ಆ ಭಾಷೆ ಹಳೆಯ ಮೈಸೂರಿನ ಓದುಬಲ್ಲವರ ಕನ್ನಡಕ್ಕೆ ಹತ್ತಿರದ್ದು. ಇಲ್ಲಿಯ ಮಗುವಿಗೆ ಮನೆ ‘ಮನಿ’, ಶಾಲೆ ‘ಸಾಲಿ’, ಜೋಳ ‘ಜ್ವಾಳ’, ಮೇಲೆ ‘ಮ್ಯಾಲ’, ಮನೆಯಲ್ಲಿ ‘ಮನ್ಯಾಗ’, ಚೆನ್ನಾಗಿ ‘ಚಲೋ’. ಇವೆಲ್ಲಕ್ಕೂ ಒಂದೇ ಕೆಂಪು ಶಾಯಿಯ ಗೆರೆ ಬಿತ್ತು.

ಇಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿಬಿಟ್ಟವು. ‘ಮನಿ’ಯನ್ನು ‘ಮನೆ’ ಎಂದು ತಿದ್ದುವುದು ಉಚ್ಚಾರದಿಂದ ಬರಹಕ್ಕೆ ದಾಟುವ ಕೆಲಸ. ನಾಡಿನ ಎಲ್ಲರೂ ಓದುವ ಒಂದು ಬರಹರೂಪ ಬೇಕಾದ್ದರಿಂದ ಅದು ಮಾಡಲೇಬೇಕಾದ್ದು. ಅದರಿಂದ ಅರ್ಥವೇನೂ ಕಳೆಯುವುದಿಲ್ಲ. ಆದರೆ ‘ಹರಗಿದರು’ ಎಂದು ಬರೆದ ಮಗುವಿನಿಂದ ಅದನ್ನು ಅಳಿಸಿ ‘ಉಳುಮೆ ಮಾಡಿದರು’ ಎಂದು ಬರೆಸಿದರೆ ಅರ್ಥವೇ ಕಳೆದುಹೋಗುತ್ತದೆ. ನೇಗಿಲು ಹೊಡೆಯುವುದು ನೆಲವನ್ನು ಆಳಕ್ಕೆ ಸೀಳುವುದು. ಹರಗುವುದು ಕುಂಟಿಯ ಅಗಲವಾದ ಕುಡದಿಂದ ಮೇಲ್ಮಣ್ಣನ್ನು ಕೆರೆದು ಕಳೆ ಕೀಳುವುದು, ಹಸಿ ಆರದಂತೆ ಕಾಯುವುದು. ಬೆಳೆ ಎದ್ದ ಮೇಲೆ ಸಾಲುಗಳ ನಡುವೆ ಎಡೆ ಹೊಡೆಯುವುದು ಇನ್ನೊಂದೇ. ಮೂರು ಸಲಕರಣೆ, ಮೂರು ಕಾಲ, ಮೂರು ಕೆಲಸ. ಹಾಗೆಯೇ ಸುಗ್ಗಿಯ ಮಾತು: ಬಿಳಿಜೋಳವನ್ನು ಕೀಳುತ್ತಾರೆ, ಕಿತ್ತ ದಂಟಿನಿಂದ ತೆನೆ ಮುರಿಯುತ್ತಾರೆ, ತೊಗರಿ ಕೊಯ್ಯುತ್ತಾರೆ, ಶೇಂಗಾ ಹರಿಯುತ್ತಾರೆ, ಹತ್ತಿ ಬಿಡಿಸುತ್ತಾರೆ. ಪುಸ್ತಕ ಮತ್ತು ಪತ್ರಿಕೆಯ ಕನ್ನಡ ಇವೆಲ್ಲವನ್ನೂ ‘ಕಟಾವು’ ಎಂಬ ಒಂದು ಚೀಲಕ್ಕೆ ತುಂಬಿತು. ಹತ್ತಿ ಬಿಡಿಸಿ ಬೆರಳು ಸೀಳಿಸಿಕೊಂಡ ಹುಡುಗಿ ‘ಕಟಾವು ಮಾಡಿದೆವು’ ಎಂದು ಬರೆದಾಗ ಆ ಬೆರಳು ವಾಕ್ಯದಿಂದ ಮಾಯವಾಗುತ್ತದೆ.

ಈ ತರಗತಿಗಳಲ್ಲಿ ‘ನಮ್ಮ ಹೊಲ’ ಎಂಬ ಪ್ರಬಂಧ ಬರೆಸಿದರೆ ಸಾಮಾನ್ಯವಾಗಿ ಹುಟ್ಟುವ ವಾಕ್ಯಗಳ ಮಾದರಿ ಹೀಗಿರುತ್ತದೆ: ‘ನಮ್ಮ ಹೊಲ ಬಹಳ ಸುಂದರವಾಗಿದೆ. ಮಳೆ ಚೆನ್ನಾಗಿ ಬಂತು. ಬೆಳೆ ಚೆನ್ನಾಗಿ ಬೆಳೆಯಿತು. ನಮಗೆ ತುಂಬಾ ಸಂತೋಷವಾಯಿತು.’ ತಪ್ಪಿಲ್ಲ, ಕಾಗುಣಿತ ಸರಿಯಿದೆ, ಅಂಕ ಬೀಳುತ್ತದೆ. ಆದರೆ ಇದು ಯಾವ ಊರಿನ ಹೊಲವೂ ಆಗಬಹುದು. ಅನುಭವಿ ಮಾಸ್ತರರು ಇದನ್ನು ತಿದ್ದುವುದು ಕೆಂಪು ಪೆನ್ನಿನಿಂದ ಅಲ್ಲ, ಪ್ರಶ್ನೆಯಿಂದ. “ಎರಿ ಹೊಲಾನೋ ಮಸಾರಿನೋ? ಯಾವ ಮಳಿಗಿ ಬಿತ್ತಿದ್ರಿ? ಎಳ್ಳಮಾಸಿಗಿ ಹೊಲಕ್ಕ ಹೋಗಿ ಏನ್ ಮಾಡಿದ್ರಿ?” ಕೇಳಿದ್ದೇ ತಡ, ಮಗುವಿನ ಬಾಯಿಂದ ಮಾತು ಧಾರಾಳವಾಗಿ ಬರುತ್ತದೆ. ಅದನ್ನು ಬರಹರೂಪಕ್ಕೆ ತಂದರೆ: ‘ನಮ್ಮದು ಎರೆ ಹೊಲ. ಉತ್ತರಿ ಮಳೆ ಹದವಾಗಿ ಬಿದ್ದ ಮೇಲೆ ಅಪ್ಪ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿದೆವು. ತೆನೆ ಹಾಲುಗಾಳಾದಾಗ ಸೀತನಿ ಸುಟ್ಟು ತಿಂದೆವು.’ ಎರಡನೆಯದರಲ್ಲಿ ಕಠಿಣ ಪದ ಒಂದೂ ಇಲ್ಲ. ‘ಬಹಳ’, ‘ತುಂಬಾ’, ‘ಚೆನ್ನಾಗಿ’, ‘ಸುಂದರ’ ಹೋದವು. ಅವುಗಳ ಜಾಗಕ್ಕೆ ಅವುಗಳಿಗಿಂತ ದೊಡ್ಡ ವಿಶೇಷಣಗಳು ಬರಲಿಲ್ಲ, ಹೆಸರು ಮತ್ತು ಕ್ರಿಯೆ ಬಂದವು. ‘ಚರಗ ಚೆಲ್ಲಿದೆವು’ ಎಂಬುದಕ್ಕೆ ಬದಲಿ ಮಾತು ಯಾವ ನಿಘಂಟಿನಲ್ಲೂ ಇಲ್ಲ. ‘ಪೂಜೆ ಮಾಡಿದೆವು’ ಎಂದರೆ ಹೊಲದ ನಾಲ್ಕೂ ದಿಕ್ಕಿಗೆ ಎಡೆ ಚೆಲ್ಲುತ್ತ ನಡೆದ ಆ ನಡಿಗೆ ಕಾಣುವುದಿಲ್ಲ.

ವ್ಯಾಕರಣದ ಪಾಠ ಪದಕ್ಕೆ ಕೊಟ್ಟ ಗಮನ ಬೇರೆ ಬಗೆಯದು. ಸಮಾನಾರ್ಥಕ, ವಿರುದ್ಧಾರ್ಥಕ, ತತ್ಸಮ–ತದ್ಭವ, ದ್ವಿರುಕ್ತಿ, ಜೋಡುನುಡಿ, ಅನುಕರಣಾವ್ಯಯ, ನುಡಿಗಟ್ಟು ಎಂದು ಪಟ್ಟಿಗಳು ಪ್ರೌಢಶಾಲೆಯವರೆಗೂ ಹಿಂದೆ ಬರುತ್ತವೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಾದೆ ವಿಸ್ತರಿಸುವ ಪ್ರಶ್ನೆ ಉಂಟು. ಗಾದೆಗಳ ಊರಿನಲ್ಲಿ ಬೆಳೆದ ಮಕ್ಕಳಿಗೆ ಇದು ಸಲೀಸಾಗಬೇಕಿತ್ತು. ಆದರೆ ‘ಗಾದೆಗಳು ವೇದಗಳಿಗೆ ಸಮಾನ’ ಎಂಬ ಸಿದ್ಧ ಪೀಠಿಕೆಯೊಂದು ಮಾರ್ಗದರ್ಶಿಗಳಿಂದ ಉತ್ತರಪತ್ರಿಕೆಗಳಿಗೆ ಇಳಿದು, ಗಾವಠಿ ಶಾಲೆಯ ಪತ್ರದ ಒಕ್ಕಣೆಯಂತೆಯೇ ಅದೂ ಬಾಯಿಪಾಠವಾಯಿತು. ಸಮಾನಾರ್ಥಕಗಳ ಪಟ್ಟಿಯೂ ಅಮರಕೋಶದ ಹಾದಿಯನ್ನೇ ಹಿಡಿಯಿತು. ನೀರು, ಜಲ, ಉದಕ ಮೂರೂ ಒಂದೇ ಎಂದು ಕಲಿತ ಮಗು ‘ಎಮ್ಮೆಗೆ ಉದಕ ಕುಡಿಸಿದೆ’ ಎಂದು ಬರೆದರೆ ಅದು ಮಗುವಿನ ತಪ್ಪಲ್ಲ. ಪದಕ್ಕೆ ಅರ್ಥದ ಜತೆ ಸಂದರ್ಭವೂ ಇರುತ್ತದೆ ಎಂದು ಪಟ್ಟಿ ಹೇಳಲಿಲ್ಲ.

ನಿಘಂಟುಗಳು ಇಲ್ಲಿಯ ಶಾಲೆಗಳಿಗೆ ತಡವಾಗಿ ಬಂದವು, ಬಂದವೂ ಕಪಾಟಿನಲ್ಲಿ ಉಳಿದವು. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ರ ಹೊತ್ತಿಗೆ ಪೂರ್ತಿಯಾಯಿತು. ಅದರ ಹಿಂದಿನ ದೊಡ್ಡ ಶಕ್ತಿಯಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ಬರೆದ ‘ಇಗೋ ಕನ್ನಡ’ ಅಂಕಣ ನಿಘಂಟಿಗಿಂತ ಹೆಚ್ಚು ಜನರನ್ನು ಮುಟ್ಟಿತು.

ಮುಂದಿನ ಬದಲಾವಣೆ ಕೆಳಗಿನ ತರಗತಿಗಳಿಂದ ಬಂತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅ, ಆ, ಇ, ಈ ಎಂಬ ಕ್ರಮ ಬಿಟ್ಟು ಬರೆಯಲು ಸುಲಭವಾದ, ಒಂದಕ್ಕೊಂದು ಕೂಡಿ ಬೇಗ ಪದವಾಗುವ ಅಕ್ಷರಗಳಿಂದ ಅದು ಆರಂಭಿಸುತ್ತದೆ. ಕೆಲವೇ ಅಕ್ಷರ ಕಲಿತ ಮಗು ಸರ, ಗರಗಸ, ಅರಸ ಎಂದು ಪದ ಕಟ್ಟತೊಡಗುತ್ತದೆ. ಮೂಲಾಕ್ಷರ ಮುಗಿದು, ಕಾಗುಣಿತ ಮುಗಿದು, ಒತ್ತಕ್ಷರ ಬಂದ ಮೇಲೆ ಪದ ಎಂಬ ಗಾವಠಿ ಶಾಲೆಯ ಕಾಲದ ಕಾಯುವಿಕೆ ಇದರಿಂದ ತಪ್ಪಿತು. ಇದೇ ಶತಮಾನದ ಮೊದಲ ದಶಕದಲ್ಲಿ ಸುರಪುರ ತಾಲ್ಲೂಕು ಇನ್ನೊಂದು ಪ್ರಯೋಗದ ನೆಲವಾಯಿತು. ರಾಜ್ಯ ಸರ್ಕಾರ ಮತ್ತು ಯುನಿಸೆಫ್ ಜತೆಗೂಡಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸ್ನೇಹಿ ಶಾಲೆಯ ಕಾರ್ಯಕ್ರಮ ಕೈಗೊಂಡಿತು. ಶಿಕ್ಷಕರು ಸಂಜೆ, ರಜಾದಿನ ಸೇರಿ ಓದುವ, ಚರ್ಚಿಸುವ ಕಲಿಕಾ ಕೇಂದ್ರಗಳು ಬೆಳೆದವು, ತರಗತಿಗೆ ಕಥೆಪುಸ್ತಕಗಳು ಬಂದವು. ಗೋಡೆ ಪತ್ರಿಕೆ ಎಂಬ ಸರಳ ಸಾಧನ ಈ ಹೊತ್ತಿನ ಶಾಲೆಗಳಲ್ಲಿ ಮಾಡುವ ಕೆಲಸ ದೊಡ್ಡದು. ಮಾಸ್ತರರೊಬ್ಬರೇ ಓದಿ ಅಂಕ ಹಾಕುವ ಪ್ರಬಂಧದಲ್ಲಿ ‘ಬಹಳ ಸುಂದರ’ ನಡೆಯುತ್ತದೆ; ಊರ ಹುಡುಗರೆಲ್ಲ ಗೋಡೆಯ ಮುಂದೆ ನಿಂತು ಓದುವಾಗ ‘ಯಾರ ಹೊಲ? ಎಲ್ಲೈತಿ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಯಾದಗಿರಿ 2010ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ಕೆಲಸ ಆರಂಭಿಸಿತು. 2011ರ ಜನಗಣತಿಯಲ್ಲಿ ಅದರ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಮಹಿಳೆಯರಲ್ಲಿ ಅದು ಶೇ 41.38 ಮಾತ್ರ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಈ ಅಂಕಿಗಳ ಹಿಂದಿರುವ ಒಂದು ಸಂಗತಿ ಪದದ ಪಾಠಕ್ಕೆ ನೇರವಾಗಿ ಸಂಬಂಧಿಸಿದ್ದು: ಎಷ್ಟೋ ಮನೆಗಳಲ್ಲಿ ಬರೆಯಬಲ್ಲ ಮೊದಲ ವ್ಯಕ್ತಿ ಆ ಮಗುವೇ. ಅವ್ವನ ಪಿಂಚಣಿಯ ಅರ್ಜಿ, ಅಜ್ಜನ ಪಹಣಿ ತಿದ್ದುಪಡಿಯ ಅರ್ಜಿ ಅದರ ಕೈಯಿಂದಲೇ ಹೋಗಬೇಕು. ಅಲ್ಲಿ ‘ಕೊಡಬೇಕು’ ಎನ್ನಬೇಕೋ ‘ಮಂಜೂರು ಮಾಡಬೇಕಾಗಿ ವಿನಂತಿ’ ಎನ್ನಬೇಕೋ ಎಂಬುದು ಅಂಕದ ಪ್ರಶ್ನೆಯಲ್ಲ, ಮನೆಯ ರೊಕ್ಕದ ಪ್ರಶ್ನೆ.

ಮನೆಮಾತೇ ಕನ್ನಡವಲ್ಲದ ಮಕ್ಕಳೂ ಇಲ್ಲಿ ಬಹಳ. ತಾಂಡಾಗಳಲ್ಲಿ ಲಂಬಾಣಿ, ಗುರುಮಠಕಲ್ ಕಡೆಗೆ ತೆಲುಗು, ಪೇಟೆಗಳ ಮುಸ್ಲಿಂ ಮನೆಗಳಲ್ಲಿ ದಖನಿ. ಮನೆ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ಅಂತರದ ಮೊದಲು ಈ ಮಕ್ಕಳು ಇನ್ನೊಂದು ಅಂತರ ದಾಟಬೇಕು. ತಾಂಡಾದ ಮಗು ‘ಯಾಡಿ’ ಎಂದು ಹೇಳಿ ‘ಅವ್ವ’ ಎಂದು ಬರೆಯುತ್ತದೆ, ‘ತಾಯಿ’ ಎಂದು ಓದುತ್ತದೆ. ಮೂರನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಶುರುಮಾಡುವ ಶಿಕ್ಷಕರ ತರಗತಿಯಲ್ಲಿ ಆ ಮಗು ಬೇಗ ಬಾಯಿ ಬಿಡುತ್ತದೆ.

ಹೊಲದ ಭಾಷೆಯೂ ನಿಂತಲ್ಲಿ ನಿಂತಿಲ್ಲ. 1980ರ ದಶಕದಿಂದ ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಶಹಾಪುರ, ಸುರಪುರದ ಎರೆ ನೆಲಕ್ಕೆ ಹರಿಯಿತು. ಜೋಳದ ಜಾಗಕ್ಕೆ ಭತ್ತ ಬಂತು, ಅದರ ಬೆನ್ನಿಗೆ ನಾಟಿ, ಮಡಿ, ಕ್ಯಾನಲ್, ಕ್ಯಾಂಪು ಬಂದವು. ರಾಶಿಗೆ ಮಷಿನ್ ಬಂದ ಮೇಲೆ ಹಂತಿ ಎಂಬ ಮಾತು ಅಜ್ಜಂದಿರ ಬಾಯಲ್ಲಷ್ಟೇ ಉಳಿಯಿತು. ನೀರು ಬಾರದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತವೆ. ಅಪ್ಪ ಅವ್ವನ ಜತೆ ಹೋಗಿ ಮುಂಗಾರಿಗೆ ತಿರುಗಿ ಬಂದ ಮಕ್ಕಳ ನೋಟುಬುಕ್ಕಿನಲ್ಲಿ ಸೆಂಟ್ರಿಂಗ್, ಸೈಟು, ಮೇಸ್ತ್ರಿ, ಶೆಡ್ಡು ಕಾಣಿಸಿಕೊಳ್ಳುತ್ತವೆ. ‘ರಜೆಯಲ್ಲಿ ನಾನು ಮಾಡಿದ್ದು’ ಎಂಬ ಪ್ರಬಂಧದಲ್ಲಿ ಈ ಪದಗಳಿಗೆ ಗೆರೆ ಎಳೆದು ‘ಕಟ್ಟಡ ಕಾಮಗಾರಿ’ ಎಂದು ಬರೆಸುವ ಶಾಲೆಗಳೂ ಇವೆ, ಸೆಂಟ್ರಿಂಗ್ ಹಲಗೆಯನ್ನು ಹೇಗೆ ಬಿಗಿಯುತ್ತಾರೆ ಎಂದು ಮಗುವನ್ನೇ ಕೇಳಿ ಇನ್ನೂ ನಾಲ್ಕು ಸಾಲು ಬರೆಸುವ ಶಾಲೆಗಳೂ ಇವೆ.